ನಿಂತ ಮಗ್ಗದ ಮೂರು ಸೆಕೆಂಡು

ಮೊಮ್ಮಗಳು ಉಗುರಿನ ಬಣ್ಣ ಅಳಿಸಲು ಸಣ್ಣ ಸೀಸೆಯ ಮುಚ್ಚಳ ತೆರೆದಳು. ಆ ಘಾಟು ಮೂಗಿಗೆ ಬಡಿದೊಡನೆ ಚಳ್ಳಕೆರೆಯ ಚಿತ್ರಮಂದಿರದ ಪ್ರೊಜೆಕ್ಟರ್ ಕೋಣೆ ಕಣ್ಣೆದುರು ನಿಂತಿತು. ತುಂಡಾದ ಫಿಲ್ಮನ್ನು ಅಂಟಿಸುವ ದ್ರಾವಣಕ್ಕೂ ಇದೇ ವಾಸನೆ. ಆ ವಾಸನೆಯಲ್ಲೇ ಆಯುಷ್ಯ ಸವೆಸಿದ ಆಪರೇಟರ್ ಸಾಹೇಬರೊಡನೆ ನಾನು ಮಾತು ಬಿಟ್ಟು ಎಷ್ಟು ವರ್ಷವಾಯಿತೆಂದು ನಿಖರವಾಗಿ ಬಲ್ಲೆ. ಹೇಳುವ ಉತ್ಸಾಹ ಉಳಿದಿಲ್ಲ...

ಆ ಚಿತ್ರಮಂದಿರದಲ್ಲಿ ನಾನು ಜಾಹೀರಾತಿನ ಸ್ಲೈಡು, ಗೋಡೆಬರಹ ಬರೆಯುತ್ತಿದ್ದೆ; ಅಕ್ಷರ ಬರೆಯುವವನೆಂದು ಸಾಹೇಬರು ನನ್ನನ್ನು ಪಂಡಿತರೆಂದೇ ಕರೆಯುತ್ತಿದ್ದರು. ಒಂದು ಬೇಸಿಗೆಯಲ್ಲಿ ದೆವ್ವದ ಚಿತ್ರವೊಂದರ ಟ್ರೈಲರ್ ಬಂತು. ಕತ್ತಲ ಮನೆ, ಹತ್ತಿರವಾಗುವ ಹೆಜ್ಜೆಯ ಸದ್ದು, ತಾನಾಗಿ ತೆರೆಯುವ ಬಾಗಿಲು, ಕೊನೆಗೆ ಪರದೆಯ ತುಂಬ ದೆವ್ವದ ಮುಖ. ಮ್ಯಾಟಿನಿಯ ಮಧ್ಯಂತರದಲ್ಲಿ ತೋರಿಸಿದರೆ ಜನ ನಕ್ಕುಬಿಟ್ಟರು. ಮುಂದಿನ ಬೆಂಚಿನವನೊಬ್ಬ, "ಲೇ, ಇದಕ್ಕಿಂತ ನಮ್ಮ ಮಾವನ್ನ ನೋಡಿದ್ರೇ ಜಾಸ್ತಿ ಭಯ ಆಗ್ತೈತಲೇ!" ಎಂದು ಕೂಗಿದ.

ಸಾಹೇಬರು ಆ ಚಿತ್ರವನ್ನು ತಾವೇ ತೆಗೆದವರಂತೆ ಕುಗ್ಗಿಹೋದರು. ಮೆಟ್ಟಿಲಿಳಿದು ಬಂದು, "ಪಂಡಿತ್ರೇ, ನಗ್ತಾರಲ್ರೀ... ಏನ್ ಮಾಡೋದು?" ಎಂದರು. ನಾನು ಹೇಳಿದೆ: ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಮಗ್ಗದ ಸದ್ದಿಗೆ ಯಾರೂ ಕಿವಿಗೊಡುವುದಿಲ್ಲ, ಅದು ನಿಂತಾಗ ಮಾತ್ರ ಎಲ್ಲರ ಎದೆ ಝಲ್ಲೆನ್ನುತ್ತದೆ. ಇದು ನನ್ನ ಮಾತು. ಎಲ್ಲಿ ನಿಂತು ಹೇಳಿದೆನೆಂಬುದೂ ನೆನಪಿದೆ.

ಮರುವಾರ ಅವರು ನನ್ನೊಡನೆ ನಮ್ಮ ಮನೆಗೆ ಬಂದು ಮಗ್ಗದ ಬದಿಯಲ್ಲಿ ಅರ್ಧ ದಿನ ಕುಳಿತರು. ನನ್ನ ತಂದೆ ರೇಷ್ಮೆ ಸೀರೆ ನೇಯುತ್ತಿದ್ದರು. ಒಮ್ಮೆ ಟಕ್ ಟಕ್ ಸದ್ದು ತಟ್ಟನೆ ನಿಂತಿತು. ಅವ್ವ ಸೌಟು ಹಿಡಿದೇ ಒಳಗಿನಿಂದ ಧಾವಿಸಿ ಬಂದಳು.

"ಏನಾಯ್ತು? ಯಾಕೆ ನಿಂತೈತೆ?"

"ಎಳೆ ಹರೀತು, ಅಷ್ಟೆ ಕಣೆ," ಎಂದ ತಂದೆ ಎರಡು ತುದಿಗಳನ್ನು ಬೆರಳಲ್ಲಿ ಹೊಸೆದು ಗಂಟು ಹಾಕಿದರು.

ಸಾಹೇಬರು ಎಳೆಯನ್ನು ನೋಡಲಿಲ್ಲ, ಅವ್ವನ ಮುಖವನ್ನೇ ನೋಡುತ್ತಿದ್ದರು.

ಚಳ್ಳಕೆರೆಗೆ ಮರಳಿ ಟ್ರೈಲರಿಗೆ ಕತ್ತರಿ ಹಾಕಿದರು. ದೆವ್ವದ ಮುಖವನ್ನು ಕಿತ್ತೇಬಿಟ್ಟರು. "ದೆವ್ವಾನ ಪುಕ್ಕಟೆ ತೋರ್ಸಿದ್ರೆ ಟಿಕೆಟ್ ಯಾರ್ ತಗೋತಾರ್ರೀ?" ಒಂದೂವರೆ ಅಡಿ ಫಿಲ್ಮು ಓಡಿದರೆ ಒಂದು ಸೆಕೆಂಡು. ಬಾಗಿಲು ತೆರೆಯುವಲ್ಲಿಗೆ ನಾಲ್ಕೂವರೆ ಅಡಿ ಕಪ್ಪು ಫಿಲ್ಮು ಅಂಟಿಸಿದರು. ಮೂರು ಸೆಕೆಂಡು ಚಿತ್ರವಿಲ್ಲ, ಸದ್ದಿಲ್ಲ. ಆ ಕಪ್ಪಿನ ಹಿಂದೆಯೇ ಒಂದೇ ಒಂದು ಹೆಜ್ಜೆಯ ಸದ್ದು, ಅಲ್ಲಿಗೆ ಮುಗಿಯಿತು. ಮಧ್ಯಂತರದಲ್ಲಿ ಹೆಜ್ಜೆಗಳು ಹತ್ತಿರ ಬಂದು ನಿಂತಾಗ ಇಡೀ ಚಿತ್ರಮಂದಿರ ಉಸಿರು ಬಿಗಿಹಿಡಿಯಿತು. ಆ ಕೊನೆಯ ಹೆಜ್ಜೆಗೆ, ಪರದೆಯ ಮೇಲೆ ಏನೂ ಇಲ್ಲದಿದ್ದರೂ, ಹೆಂಗಸರ ಕಡೆಯಿಂದ ಚೀರಾಟ ಎದ್ದಿತು.

ಮಾಲೀಕರು ಏದುಸಿರು ಬಿಡುತ್ತ ಮೇಲೆ ಬಂದರು. "ಯಾರದಯ್ಯ ಈ ತಲೆ?"

"ನಂದೇ ಸಾರ್," ಎಂದರು ಸಾಹೇಬರು. ನಾನು ಎರಡು ಮಾರು ದೂರದಲ್ಲಿ, ಕೈಗೆ ಬಣ್ಣ ಮೆತ್ತಿಕೊಂಡು ನಿಂತಿದ್ದೆ. ಒಮ್ಮೆ ನನ್ನತ್ತ ನೋಡಿ ಕಣ್ಣು ತಿರುಗಿಸಿಕೊಂಡರು.

ಅಂದಿನಿಂದ ನಾನು ಮಾತಾಡಲಿಲ್ಲ. ಮೂರು ಸಲ ಚಹಾ ಕಳಿಸಿದರು; ಮೂರು ಸಲವೂ ಹಿಂತಿರುಗಿಸಿದೆ. ಒಂದು ದಿನ ಮೆಟ್ಟಿಲ ಮೇಲೆ ಅಡ್ಡ ನಿಂತು, "ಸದ್ದು ನಿಮ್ಮ ಮನೇದೇ ಪಂಡಿತ್ರೇ, ಒಪ್ತೀನಿ. ಆವತ್ತು ಬಾಯಿಗ್ ಬರ್ಲಿಲ್ಲ. ಬೈಯ್ರಿ ಬೇಕಾದ್ರೆ, ಸುಮ್ನಿರಬ್ಯಾಡ್ರಿ," ಎಂದರು. ಮಾಲೀಕರೆದುರು ಆಡಬೇಕಿದ್ದ ಮಾತನ್ನು ಮೆಟ್ಟಿಲ ಮೇಲೆ ಆಡಿದರು. ಪಕ್ಕಕ್ಕೆ ಸರಿದು ಇಳಿದುಹೋದೆ. ಚಿತ್ರಮಂದಿರ ಮುಚ್ಚಿದ ಮೇಲೆ ಅವರು ಮೋಟರು, ಮಿಕ್ಸಿ ರಿಪೇರಿಯ ಅಂಗಡಿ ಇಟ್ಟರು. ನಮ್ಮ ಮಿಕ್ಸಿಯನ್ನು ನಾನು ಎರಡು ಬೀದಿ ಸುತ್ತಿ ಬೇರೆಯವರಲ್ಲಿಗೆ ಒಯ್ಯುತ್ತಿದ್ದೆ. ಕಳೆದ ವರ್ಷ ಆ ಅಂಗಡಿಯ ಬಾಗಿಲು ಹಾಕಿರುವುದನ್ನು ಕಂಡು ಪಕ್ಕದವನನ್ನು ಕೇಳಿದೆ. "ಸಾಹೇಬ್ರು ತೀರ್ಕೊಂಡು ತಿಂಗಳಾಯ್ತಲ್ರೀ," ಎಂದ.

ತಪ್ಪು ಅವರದೇ, ಇಂದಿಗೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಅದನ್ನು ಹೊತ್ತು ದಣಿದವನು ನಾನು...

ಮೊಮ್ಮಗಳು ಉಗುರು ಒರೆಸುತ್ತಲೇ ಫೋನಿನಲ್ಲಿ ಹೊಸದೊಂದು ದೆವ್ವದ ಚಿತ್ರದ ಟ್ರೈಲರ್ ಹಚ್ಚಿದ್ದಳು. ಹೆಜ್ಜೆಯ ಸದ್ದು ಹತ್ತಿರ ಬಂತು, ನಿಂತಿತು. ನಾನು ಎಣಿಸಿದೆ. ಸರಿಯಾಗಿ ಮೂರು.

"ಏನಾಯ್ತು ತಾತ, ಯಾಕ್ ಹಂಗೆ ಕೂತೆ?"

"ಎಳೆ ಹರೀತು, ಅಷ್ಟೆ."

ಅವಳಿಗೆ ಅರ್ಥವಾಗಲಿಲ್ಲ. ಗಂಟು ಹಾಕಲು ಎರಡು ತುದಿ ಬೇಕು. ನನ್ನ ಕೈಯಲ್ಲಿ ಉಳಿದಿರುವುದು ಒಂದೇ.