ನಡೆ ಅರವತ್ತಾರು, ಶ್ರುತಿ ಸಿ ಮೈನರ್, ಭಾವ ನೆಮ್ಮದಿ

ಬೆಳಗಿನ ಆರು ಗಂಟೆ. ನೆಲಮಾಳಿಗೆಯ ಪುಟ್ಟ ಕೋಣೆಯಲ್ಲಿ, ಇಲ್ಲಿ ಎಲ್ಲರೂ ತಾಳದಕ್ಕ ಎಂದೇ ಕರೆಯುವ ಹೆಂಗಸು ಕಣ್ಣು ಮುಚ್ಚಿ ಕೂತಿದ್ದಾರೆ. ತಲೆಗೆ ಹೆಡ್‌ಫೋನ್, ಎಡಗೈಯಲ್ಲಿ ಸ್ಟಾಪ್‌ವಾಚ್. ಬಲಗೈ ಬೆರಳು ಮಂಡಿಯ ಮೇಲೆ ತಟ್ಟುತ್ತಿದೆ. ಹದಿನೈದು ಸೆಕೆಂಡಿಗೆ ಹದಿನೆಂಟು ಪೆಟ್ಟು, ಅಂದರೆ ನಿಮಿಷಕ್ಕೆ ಎಪ್ಪತ್ತೆರಡು. ಕಿವಿಯೊಳಗೆ ಮುಂದೆ ಪಿಯಾನೊ, ಹಿಂದೆ ಪಿಟೀಲುಗಳ ದಂಡು. ಅಂಗಡಿಗಳಲ್ಲಿ, ಲಿಫ್ಟುಗಳಲ್ಲಿ ಕಿವಿಗೆ ಬಿದ್ದರೂ ಯಾರೂ ಕಿವಿಗೊಡದ ಹಗುರ ಸಂಗೀತ. ಅವರು ಕಣ್ಣು ತೆರೆದು ಚೀಟಿಯ ಮೇಲೆ ಮೊದಲು ಮೂರು ಸಾಲು ಬರೆಯುತ್ತಾರೆ: ನಡೆ ಎಪ್ಪತ್ತೆರಡು, ಶ್ರುತಿ ಎಫ್ ಮೇಜರ್, ಭಾವ ಹಿತ.

“ಎಂಟಾಯ್ತು ಅಂದ್ರೆ ಲಿಫ್ಟಿನ ಮೋಟಾರು ಶುರು. ಅದು ಒಂದೇ ಸ್ವರ ಹಿಡ್ಕೊಂಡು ಗುಂಯ್‌ಗುಡ್ತಿರುತ್ತೆ, ಶ್ರುತಿನೇ ತಪ್ಪಿಸಿಬಿಡುತ್ತೆ. ಅದಕ್ಕೇ ಬೇಗ ಬರೋದು,” ಎನ್ನುತ್ತಾರೆ.

ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ, ಎರಡು ತಿಂಗಳ ಹಿಂದಿನವರೆಗೂ ದಿನಕ್ಕೆ ನಲವತ್ತು ಧ್ವನಿಮುದ್ರಣಗಳಂತೆ. ಸಂಗೀತ ಬೇಕಾದವರು ಅದನ್ನು ಮಾರುವ ಈ ಸಂಸ್ಥೆಯ ಪಟ್ಟಿಯಲ್ಲಿ ಹುಡುಕುವುದು ಈ ಮೂರು ಸಾಲುಗಳನ್ನು ನೋಡಿಯೇ. ಚೀಟಿ ಬರೆದವರ ಹೆಸರು ಮಾತ್ರ ಎಲ್ಲೂ ಇಲ್ಲ.

ಅದಕ್ಕೂ ಮೊದಲು ಅವರೇ ಪಿಯಾನೊ ನುಡಿಸುತ್ತಿದ್ದವರು. ಮೂವತ್ತು ಜನ ವಾದ್ಯದವರಿದ್ದ ಸ್ಟುಡಿಯೋಗೆ ಒಂದು ದಿನ ಎಲ್ಲ ವಾದ್ಯಗಳ ದನಿಯನ್ನೂ ಹೊರಡಿಸುವ ಕೀಬೋರ್ಡ್ ಬಂತು. ಮೂವತ್ತು ಜನ ದಿಕ್ಕಿಗೊಬ್ಬರಾದರು.

ಈಗ ಈ ಕೋಣೆಗೂ ಕಂಪ್ಯೂಟರ್ ಬಂದಿದೆ. ಬಂದ ಹೊಸತರಲ್ಲಿ ಮೊದಲು ಅದು ಕೇಳಿ ಚೀಟಿ ಬರೆಯುತ್ತಿತ್ತು, ಆಮೇಲೆ ಇವರು ತಿದ್ದುತ್ತಿದ್ದರು. ಹೋದ ವರ್ಷ ಅದು ಬರೆದಿದ್ದ ಒಂದು ಚೀಟಿ ಹೀಗಿತ್ತು: ನಡೆ ನೂರಾ ಮೂವತ್ತೆರಡು, ಶ್ರುತಿ ಇ-ಫ್ಲಾಟ್ ಮೇಜರ್, ಭಾವ ಉಲ್ಲಾಸ, ಕಲಾವಿದರು ತಿಳಿದಿಲ್ಲ. ತಾಳದಕ್ಕ ಹೆಡ್‌ಫೋನ್ ಹಾಕಿಕೊಂಡರು. ನಾಲ್ಕನೇ ಪೆಟ್ಟಿಗೇ ಅವರ ಕೈ ನಿಂತುಹೋಯಿತು. ನುಡಿಸಿದ್ದು ಅವರೇ.

ಇಪ್ಪತ್ತಾರು ವರ್ಷದ ಹಿಂದಿನ ಮುದ್ರಣವದು. ತಾಯಿ ಆಸ್ಪತ್ರೆಯಲ್ಲಿದ್ದರು. “ಆವತ್ತು ಬೆಳಿಗ್ಗೆ ಅಮ್ಮ ನನ್ನ ಗುರುತು ಹಿಡೀಲಿಲ್ಲ. ಯಾರಮ್ಮ ನೀನು ಅಂದ್ಲು. ಅದನ್ನೇ ಮನಸ್ಸಲ್ಲಿಟ್ಕೊಂಡು ಪಿಯಾನೊ ಮುಂದೆ ಕೂತೆ.” ತಾಯಿಯ ಪಕ್ಕದಲ್ಲಿದ್ದ ತಂಗಿ ಸ್ಟುಡಿಯೋಗೆ ಮೂರು ಸಲ ಫೋನ್ ಮಾಡಿದ್ದಳಂತೆ. ಮುದ್ರಣ ನಡೆಯುವಾಗ ಒಳಗೆ ಯಾರನ್ನೂ ಬಿಡುವುದಿಲ್ಲ. ಬಾಗಿಲ ಮೇಲಿನ ಕೆಂಪು ದೀಪ ಆರಿದ ಮೇಲೆಯೇ ಸುದ್ದಿ ಸಿಕ್ಕಿದ್ದು. ಅಷ್ಟರಲ್ಲಿ ತಾಯಿ ಹೋಗಿ ಅರ್ಧ ಗಂಟೆಯಾಗಿತ್ತು.

ಕಂಪ್ಯೂಟರ್ ನಡೆಯನ್ನು ಇಮ್ಮಡಿ ಎಣಿಸಿತ್ತು, ಅಳುವ ಮೈನರ್ ಶ್ರುತಿಯನ್ನು ನಗುವ ಮೇಜರ್ ಎಂದುಕೊಂಡಿತ್ತು. ತಾಳದಕ್ಕ ಆ ಚೀಟಿಯನ್ನು ತಿದ್ದಿದರು: ಅರವತ್ತಾರು, ಸಿ ಮೈನರ್, ದುಃಖ. ಮೇಲಧಿಕಾರಿ ಮೊದಲೆರಡನ್ನು ಒಪ್ಪಿಕೊಂಡು, ದುಃಖ ಎಂದು ಹಾಕಿದರೆ ಯಾರೂ ಕೊಳ್ಳುವುದಿಲ್ಲ ಎಂದು ಅದನ್ನು ಹೊಡೆದುಹಾಕಿ ‘ನೆಮ್ಮದಿ’ ಎಂದು ಬರೆದರು. ಅವರಿಗೆ ಕಥೆ ಗೊತ್ತಿರಲಿಲ್ಲ. ಇವರೂ ಹೇಳಲಿಲ್ಲ.

ಈ ನಡುವೆ ಎಡಗಿವಿ ಮಂದವಾಗತೊಡಗಿತ್ತು. ಎರಡು ತಿಂಗಳ ಹಿಂದೆ ತಂಗಿಯನ್ನು ಜೊತೆಗೆ ಕರೆದುಕೊಂಡು ಕಿವಿಯ ಡಾಕ್ಟರ ಬಳಿ ಹೋದರು. ಸರದಿಗೆ ಕಾಯುತ್ತಾ ಕೂತಿದ್ದಾಗ ಗೋಡೆಯ ಸ್ಪೀಕರಿನಲ್ಲಿ ಅದೇ ಪಿಯಾನೊ ಕೇಳಿಬಂತು. ತಂಗಿ ಕುರ್ಚಿಗೆ ಒರಗಿಕೊಂಡು, “ಹಾಯಾಗಿದೆ ಅಲ್ವಾ ಅಕ್ಕ? ನಿದ್ದೆ ಬರೋ ಹಾಗಿದೆ,” ಎಂದಳು.

“ಹ್ಞೂಂ ಅಂದೆ. ಮೂರು ಸಲ ಫೋನ್ ಮಾಡಿ ಅತ್ತೋಳು ಅವಳು. ಈಗ ಆ ಪಿಯಾನೊ ಕೇಳಿ ನಿದ್ದೆ ಬರುತ್ತೆ ಅಂದ್ರೆ ಮಲಗಲಿ ಬಿಡು ಅನ್ನಿಸ್ತು.”

ಎಡಗಿವಿ ಆಗಲೇ ಕೈಕೊಟ್ಟಿದೆ, ಬಲಗಿವಿಗೆ ಹೆಚ್ಚೆಂದರೆ ಎರಡು ವರ್ಷ ಎಂದರು ಡಾಕ್ಟರು. ತಾಳದಕ್ಕ ಅದನ್ನು ಮೇಲಧಿಕಾರಿಯಿಂದ ಮುಚ್ಚಿಡಲಿಲ್ಲ. ಹೊಸ ಸಂಗೀತವೆಲ್ಲ ಇನ್ನು ಕಂಪ್ಯೂಟರಿಗೇ ಹೋಗಲಿ ಎಂದು ತಾವೇ ಬಿಟ್ಟುಕೊಟ್ಟರು. ತಮ್ಮ ಸ್ಟುಡಿಯೋದ ಹಳೆಯ ಟೇಪುಗಳಿರುವ ಆರು ಪೆಟ್ಟಿಗೆಗಳನ್ನು ಮಾತ್ರ ಕೇಳಿ ಇಸಿದುಕೊಂಡಿದ್ದಾರೆ. ಒಂದರ ಮೇಲೂ ನುಡಿಸಿದವರ ಹೆಸರಿಲ್ಲ. ಕೇಳಿದ ತಕ್ಷಣ ಇದು ಇಂಥವರ ಪಿಟೀಲಿನ ಕಮಾನು, ಇದು ಇಂಥವರ ಕೊಳಲಿನ ಉಸಿರು ಎಂದು ಹೇಳಬಲ್ಲವರು ಈಗ ಇವರೊಬ್ಬರೇ.

“ದಿನಕ್ಕೆ ನಾಲ್ಕೇ ಆಗ್ತಿದೆ, ಆಗಲಿ. ಪಿಟೀಲಿನವರದ್ದು, ಕೊಳಲಿನವರದ್ದು ಎಲ್ಲರ ಹೆಸರೂ ಬರೀತಿದ್ದೀನಿ. ಮೂವತ್ತು ಜನದಲ್ಲಿ ಹನ್ನೊಂದು ಜನ ಟೇಪಲ್ಲಿ ಸಿಕ್ಕಿದ್ದಾರೆ. ಉಳಿದೋರು ಸಿಗೋವರೆಗೂ ಈ ಒಂದು ಕಿವಿ ಇದ್ರೆ ಸಾಕು.”