ಕರ್ನಲ್ ಸಾಹೇಬರಿಗೆ ಒಂದು ಸೂಚನೆ

ಯಂತ್ರಗಳಿಗೆ ಬಟ್ಟೆ ತೊಡಿಸುವುದರಲ್ಲಿ ನಮ್ಮ ಜನಕ್ಕಿರುವ ವಾತ್ಸಲ್ಯವನ್ನು ನೀವೂ ಗಮನಿಸಿರಬಹುದು. ಮಿಕ್ಸಿಗೊಂದು ಅಂಗಿ, ಫ್ರಿಜ್ಜಿನ ತಲೆಗೊಂದು ಸೆರಗು, ವಾಷಿಂಗ್ ಮಷೀನಿಗೆ ಹನ್ನೆರಡು ತಿಂಗಳೂ ರೇನ್‌ಕೋಟು. ಮುಂಬಯಿ ಹೊರವಲಯದ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಏಕಮಾತ್ರ ಕಂಪ್ಯೂಟರಿಗೆ ಕ್ರೋಶಾ ಹೊದಿಕೆ ಹೆಣೆದವಳು ನಾನೇ. ಠಾಣೆಯ ದೂರವಾಣಿ ಕಚೇರಿಯಿಂದ ನಿವೃತ್ತಳಾದ ಮೇಲೆ ಯಂತ್ರಲೋಕಕ್ಕೆ ನನ್ನ ಕೊಡುಗೆ ಅಷ್ಟೇ ಎಂದು ಮನೆಯವರು ಹಾಸ್ಯ ಮಾಡುತ್ತಿದ್ದರು. ಹಾಸ್ಯವೆನ್ನುವುದಕ್ಕಿಂತ ಅದು ವಸ್ತುನಿಷ್ಠ ವರದಿ.

ಆದರೂ ಭಾನುವಾರಗಳಂದು ಅದೇ ಕಂಪ್ಯೂಟರಿನ ಮುಂದೆ ಕೂತು ನಾನು ಟೈಪಿಂಗ್ ಕಲಿಸುತ್ತೇನೆ. ನನ್ನ ಶಿಷ್ಯೆಯರಲ್ಲಿ ಶರಣಮ್ಮ ವಿಜಯಪುರದ ಕಡೆಯವರು. ನಲವತ್ತು ದಾಟಿದ ಅವರಿಗೆ ಶಹಾಡಿನ ಕಾರ್ಖಾನೆಯೊಂದರಲ್ಲಿ ಮೂಟೆ ಹೊರುವ ಕೆಲಸ. ಅಲ್ಲಿನ ಸ್ಟೋರಿನಲ್ಲಿ ಪೆಟ್ಟಿಗೆಗಳಿಗೆ ಅಂಟಿಸುವ ಲೇಬಲ್ ಟೈಪ್ ಮಾಡುವ ಜಾಗ ಖಾಲಿಯಾಗಿತ್ತು, ಬುಧವಾರ ಪರೀಕ್ಷೆ. ಅದಕ್ಕೆ ಮುಂಚಿನ ಶನಿವಾರ, ಯಾವುದೋ ಅಪ್‌ಡೇಟ್ ಮುಗಿಸಿಕೊಂಡ ನಮ್ಮ ಕಂಪ್ಯೂಟರು ಒಮ್ಮೆ ಗುರುಗುಟ್ಟಿ ಮುಖ ಕಪ್ಪಾಗಿಸಿಕೊಂಡು ಕುಳಿತುಬಿಟ್ಟಿತು. ರಿಪೇರಿಯವನು ಬಂದು ಎರಡು ಗುಂಡಿ ಒತ್ತಿ, "ಕಾಕೂ, ಸಂಪ್ಲಾ ಹಾ. ಭಂಗಾರಾತ್ ದ್ಯಾ" ಎಂದ. ಮುಗಿಯಿತಂತೆ, ಗುಜರಿಗೆ ಕೊಡಬೇಕಂತೆ. ನಿವೃತ್ತರ ಎದುರಿನಲ್ಲಿ ಆಡಬಾರದ ಮಾತದು. ನನಗೆ ಹಟ ಹುಟ್ಟಿತು.

ಭಾನುವಾರ ಬೆಳಿಗ್ಗೆ ಬಂದ ಶರಣಮ್ಮ ಕಪ್ಪು ಪರದೆಯನ್ನು ನೋಡಿ ಚೀಲವನ್ನು ಮತ್ತೆ ಹೆಗಲಿಗೇರಿಸಿಕೊಂಡರು. "ನಾ ಹೊಂಡ್ತೀನ್ರಿ ಅಕ್ಕಾರ. ನಮ್ಮಂಥವ್ರಿಗೆ ಮೂಟಿನೇ ಛಲೋ."

"ಕೂತ್ಕೊಳ್ಳಿ ಶರಣಮ್ಮ. ಇದನ್ನು ಎಬ್ಬಿಸದೆ ನಾನೂ ಏಳುವುದಿಲ್ಲ," ಎಂದುಬಿಟ್ಟೆ. ಹೇಗೆ ಎಬ್ಬಿಸುವುದೆಂದು ನನಗೆ ತಿಳಿದಿದ್ದರೆ ತಾನೆ!

ನವಿ ಮುಂಬಯಿಯ ಕಂಪನಿಯೊಂದರಲ್ಲಿ ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುವ ತಂಗಿಯ ಮಗಳು ಅಶ್ವಿನಿಗೆ ಫೋನು ಮಾಡಿದೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುವುದು ನಮ್ಮಿಬ್ಬರ ನಡುವಿನ ಹಳೆಯ ಒಪ್ಪಂದ. "ದೊಡ್ಡಮ್ಮ, ಮಷೀನ್ ಮರಾ ನಹೀ ಹೈ. ಕರ್ನಲ್ ಸ್ಕ್ರೀನ್ ಕೋ ಸಂಭಾಲ್ ನಹೀ ಪಾ ರಹಾ. ಶುರೂ ಹೋನೇ ಸೇ ಪೆಹ್ಲೇ ಉಸ್‌ಕೋ ಬೋಲ್‌ನಾ ಪಡೇಗಾ."

"ಯಾವ ಕರ್ನಲ್ ಮಾರಾಯ್ತಿ? ಮಿಲಿಟರಿಯವರಾ?"

ಅವಳು ನಕ್ಕು ಮುಗಿಸಿ ವಿವರಿಸಿದಳು. ಯಂತ್ರ ಸತ್ತಿಲ್ಲ, ಕರ್ನಲ್ಲಿಗೆ ಪರದೆಯನ್ನು ನಿಭಾಯಿಸಲಾಗುತ್ತಿಲ್ಲ, ಶುರುವಾಗುವ ಮೊದಲೇ ಅದಕ್ಕೆ ಹೇಳಬೇಕು. ಕರ್ನಲ್ ಎಂದರೆ ಗಣಕವನ್ನು ಆಳುವ ತಿರುಳು. ಸ್ವಿಚ್ಚು ಹಾಕಿದೊಡನೆ ಮೊದಲು ಒಂದು ಸಣ್ಣ ಪ್ರೋಗ್ರಾಮು ಎದ್ದು, ಆ ತಿರುಳನ್ನು ಎಬ್ಬಿಸಿ, ಅದರ ಕೈಗೆ ಒಂದು ಸಾಲಿನ ಸೂಚನೆಯನ್ನು ಕೊಡುತ್ತದೆ. ನಾವು ಹೇಳಬೇಕಾದದ್ದನ್ನೂ ಅದೇ ಸಾಲಿಗೆ ಸೇರಿಸಬೇಕು. ನಮ್ಮ ಸೂಚನೆ ಒಂದೇ ಪದದ್ದು: nomodeset. ಪರದೆಯ ಬೆಡಗುಬಿನ್ನಾಣಕ್ಕೆ ಕೈಹಾಕಬೇಡ, ಸಾದಾ ಚಿತ್ರದಲ್ಲಿ ಸುಧಾರಿಸು ಎಂದು ಅದರ ಅರ್ಥ.

ಚೀಟಿಯಲ್ಲಿ ಬರೆದುಕೊಂಡೆ. ಸೂಚನೆ ಬರೆಯಬಹುದಾದ ಆ ಆರಂಭದ ಪಟ್ಟಿ, ಪ್ಲಾಟ್‌ಫಾರ್ಮಿನಲ್ಲಿ ಫಾಸ್ಟ್ ಲೋಕಲ್ ನಿಲ್ಲುವಷ್ಟೇ ಹೊತ್ತು ನಿಂತು ಹೋಗುತ್ತದೆ. ಎರಡು ಸಲ ತಪ್ಪಿಸಿಕೊಂಡೆ. ಮೂರನೆಯ ಸಲ ಹಿಡಿದು, ಹೇಳಿದ ಸಾಲಿನ ಕೊನೆಗೆ ಪದ ಸೇರಿಸಿ ಗುಂಡಿ ಒತ್ತಿದೆ. ಕಪ್ಪು. ಮತ್ತೆ ಬರೆದೆ. ಮತ್ತೂ ಕಪ್ಪು. ತಪ್ಪಿದ್ದರೆ ಗದರಿಸುವ ಸೌಜನ್ಯವೂ ಕರ್ನಲ್ ಸಾಹೇಬರಿಗಿಲ್ಲ. ಗುರುತಿಲ್ಲದ ಪದವನ್ನು ಕಂಡೂ ಕಾಣದಂತೆ ಮುಂದೆ ಸಾಗುತ್ತಾರೆ.

ಐದನೆಯ ಸಲ ಗುಂಡಿ ಒತ್ತಲು ಹೊರಟವಳ ಕೈಯನ್ನು ಶರಣಮ್ಮ ಹಿಡಿದರು. ಒಂದು ಬೆರಳು ಚೀಟಿಯ ಮೇಲೆ, ಇನ್ನೊಂದು ಪರದೆಯ ಮೇಲೆ. "ತಡೀರಿ ಅಕ್ಕಾರ. ಚೀಟ್ಯಾಗ ಡಿ ಆದಮ್ಯಾಲೆ ಇ ಐತಿ. ಇಲ್ಲಿ ನೀವು ಅದನ್ನ ನುಂಗೀರಿ."

ನಿಜ. ಬರೆದ ಮೂರು ಸಲವೂ ನುಂಗಿದ್ದೆ. ಇಂಗ್ಲಿಷ್ ಬಲ್ಲೆನೆಂಬ ಗರ್ವದಲ್ಲಿ ನಾನು, ಇರಬೇಕಾದ ಪದವನ್ನೇ ಇದೆಯೆಂದು ಓದುತ್ತಿದ್ದೆ. ಆರು ತಿಂಗಳ ಹಿಂದಷ್ಟೇ ಇಂಗ್ಲಿಷ್ ಅಕ್ಷರ ಕಲಿತ ಶರಣಮ್ಮ, ಅಲ್ಲಿ ಇದ್ದದ್ದನ್ನು ಮಾತ್ರ ಓದಿದ್ದರು. ಬಲ್ಲವರಿಗೆ ಕಾಣದ ತಪ್ಪುಗಳೆಲ್ಲ ಬಲ್ಲತನದ ನೆರಳಿನಲ್ಲೇ ಅಡಗಿರುತ್ತವೇನೋ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹಿಗ್ಗಾಯಿತು. ತಿದ್ದಿ ಒತ್ತಿದೆ. ಕಪ್ಪಿನ ಮೇಲೆ ಬಿಳಿಯ ಸಾಲುಗಳು ಸರಸರನೆ ಹರಿದು, ದಪ್ಪದಪ್ಪ ಅಕ್ಷರಗಳೊಡನೆ ಪರದೆ ಬೆಳಗಿತು.

"ಬಂತ್ ನೋಡ್ರಿ!" ಶರಣಮ್ಮನ ಕೂಗಿಗೆ ಕೆಳಗಿನ ಮಹಡಿಯವರೂ ಬಾಗಿಲು ತೆರೆದರು.

ಹೀಗೆ ಹೇಳಿದ್ದು ಒಂದು ಸಲಕ್ಕೆ ಮಾತ್ರ, ಆರಿಸಿದರೆ ಮರೆಯುತ್ತದೆ, ಖಾಯಂ ಆಗಬೇಕಾದರೆ ಅದೇ ಪದವನ್ನು ಒಂದು ಫೈಲಿನಲ್ಲೂ ಬರೆದಿಡಬೇಕು ಎಂದು ಅಶ್ವಿನಿ ಎಚ್ಚರಿಸಿದ್ದಳು. ನಾನು ಸುಸ್ತಾಗಿ, ಮುಂದಿನ ವಾರ ನೋಡೋಣವೆಂದೆ.

"ಅದನ್ನೂ ಈಗ್ಲೇ ಮುಗಿಸೂಣ್ರಿ. ಈ ಸಲ ನಾ ಹೊಡೀತೀನಿ," ಎಂದು ಶರಣಮ್ಮ ಕೀಲಿಮಣೆಯನ್ನು ತಮ್ಮತ್ತ ಎಳೆದುಕೊಂಡರು. ಫೋನಿನಲ್ಲಿ ಅಶ್ವಿನಿ ಹೇಳಿದಳು, ನಾನು ಒಂದೊಂದೇ ಅಕ್ಷರ ಓದಿದೆ, ಅವರು ಒತ್ತಿದರು. ಆರಿಸಿ ಮತ್ತೆ ಹಚ್ಚಿದಾಗ ಯಂತ್ರ ಯಾರ ಹಂಗೂ ಇಲ್ಲದೆ ತಾನೇ ಎದ್ದಿತು. ಆಮೇಲೆ ಸಂಜೆಯವರೆಗೂ ಶರಣಮ್ಮ ಲೇಬಲ್ಲುಗಳನ್ನು ಟೈಪ್ ಮಾಡಿದರು. ಊಟಕ್ಕೆ ಕರೆದರೂ ಏಳಲಿಲ್ಲ.

ಬುಧವಾರ ಸಂಜೆ ಶಹಾಡ್ ಸ್ಟೇಷನ್ನಿನಿಂದ ಅವರ ಫೋನು ಬಂತು. ಪರೀಕ್ಷೆಗೆ ಆರು ಮಂದಿ, ಉಳಿದವರೆಲ್ಲ ಹುಡುಗಿಯರು, ಬೆರಳುಗಳೋ ಮಿಂಚು. "ನಾ ಸುರು ಮಾಡೂ ಮೊದ್ಲ ಹೇಳಿಬಿಟ್ಟೆ ಅಕ್ಕಾರ: ಸಾಬ್, ಮೈ ಧೀರೇ ಲಿಖ್ತೀ, ಪರ್ ಗಲತ್ ನಹೀ ಲಿಖ್ತೀ. ಸಾವಕಾಶ ಬರಿತೀನಿ, ಖರೆ ತಪ್ಪು ಬರಿಯೂದಿಲ್ಲ ಅಂತ."

"ಅವರೇನಂದರು?"

"ನಕ್ಕರು. ಎಲ್ಲಾರ ಕಾಗದ ತಪಾಸ್ ಮಾಡಿದ್ರು. ನನ್ನದ್ರಾಗ ಒಂದೂ ತಪ್ಪಿರಲಿಲ್ರಿ. ಸೋಮವಾರದಿಂದ ಸ್ಟೋರಿಗೆ ಬಾ ಅಂದ್ರು." ರೈಲಿನ ಸದ್ದಿನಲ್ಲಿ ಒಂದು ಕ್ಷಣ ಅವರ ದನಿ ಮುಳುಗಿ, ಮತ್ತೆ ಮೇಲೆದ್ದಿತು. "ಐತ್ವಾರ ನಾ ಬರ್ತೀನ್ರಿ, ಕ್ಲಾಸ್ ಬಿಡೂದಿಲ್ಲ. ಇನ್ನ ಜಲ್ದಿ ಬರಿಯೂದು ಕಲೀಬೇಕು."