ಎರಡು ಕೋರಿನ ಕಂಪ್ಯೂಟರು, ಮುದಿ ಎತ್ತು

ಸೊಲ್ಲಾಪುರದ ರಿಪೇರಿ ಅಂಗಡಿಯಲ್ಲಿ ಇಂದು ನನ್ನ ಹಳೆಯ ಕಂಪ್ಯೂಟರಿನ ಡಬ್ಬ ಬಿಚ್ಚಿದಾಗ ಬಿಸಿ ಧೂಳಿನ ವಾಸನೆ ಮೂಗಿಗೆ ಬಡಿಯಿತು.

“ಕಾಕಾ, ಪ್ರೊಸೆಸರ್ ಎರಡೇ ಕೋರಿಂದ್ ಐತ್ರಿ, ಈಗಿನವಕ್ಕ ಎಂಟೆಂಟು ಇರ್ತಾವು. ಗುಜರಿಗಿ ಹಾಕ್ರಿ,” ಎಂದ ಅಂಗಡಿಯವ.

ನಾನು ಚಿಕ್ಕವನಿದ್ದಾಗ ದುಧನಿಯ ದನದ ಸಂತೆಯಲ್ಲೂ ಇಂಥದೇ ಧೂಳು. ಅಪ್ಪ ನಮ್ಮ ಮುದಿ ಎತ್ತನ್ನು ಮಾರಲು ಒಯ್ದಿದ್ದ. ದಲ್ಲಾಳಿ ಅದರ ಬಾಯಿ ಅಗಲಿಸಿ ಹಲ್ಲು ನೋಡಿ, “ಇದರ ಕೆಲಸ ಮುಗದೈತಿ,” ಎಂದು ನಕ್ಕ. ಅಪ್ಪ ಹಗ್ಗ ಕಸಿದುಕೊಂಡ.

“ನೀರಿನ ಬಂಡಿ ಎಳಿಯಾಕ ಹಲ್ಲು ಯಾಕ ಬೇಕಲೇ?”

ಎತ್ತು ತಿರುಗಿ ಮನೆಗೆ ಬಂತು. ನಿಧಾನವಾಗಿ ನಡೆಯುತ್ತಿತ್ತು, ಆದರೆ ಮನೆಯ ಹಂಡೆ ಬರಿದಾಗಲಿಲ್ಲ.

ಅಂಗಡಿಯವನಿಗೆ ನಾನೂ ಗದರಿದೆ. “ಪೇಪರ್ ಓದಾಕ, ನಾಕು ಅಕ್ಷರ ಬಡಿಯಾಕ ಇದು ಸಾಕು. ಧೂಳ ಹೊಡದ ಕೊಡು.”

ಇದನ್ನು ಅದರಲ್ಲೇ ಬರೆಯುತ್ತಿದ್ದೇನೆ. ಅದು ಶುರುವಾಗುವಷ್ಟರಲ್ಲಿ ಚಹಾ ಆರಿಹೋಯಿತು. ಬೈಯಲಿಲ್ಲ. ಬೆಳಿಗ್ಗೆ ನಾನೂ ಹಾಗೆಯೇ ಏಳುತ್ತೇನೆ.